ಪೂಲ್ ಮತ್ತೆ ಬೇಡ, ಮಂಜು

ಪ್ರಿಯ ಮಂಜು,

ನೀನು ಕಳುಹಿಸಿದ ಮನವಿಪತ್ರವನ್ನು ನಿಧಾನವಾಗಿ ಓದಿದೆ. ಕಾಫಿಯ ಬೆಲೆ ಏರಿದ್ದು ಇಳಿದೇ ಇಳಿಯುತ್ತದೆ, ಅದಕ್ಕೆ ಮುಂಚೆಯೇ ಸರ್ಕಾರ ಎಲ್ಲರ ಬೆಳೆಯನ್ನೂ ತಾನೇ ವಹಿಸಿಕೊಂಡು ಮಾರುವ ಹಳೆಯ ಪೂಲ್ ಪದ್ಧತಿಯನ್ನು ಮತ್ತೆ ತರಬೇಕು ಎಂದು ಬರೆದಿದ್ದೀಯ. ನಿನ್ನ ಭಯ ನನಗೂ ಇದೆ. ಆದರೂ ನಾನು ಸಹಿ ಹಾಕುವುದಿಲ್ಲ. ಫೋನಿನಲ್ಲಿ ಮಾತಾಡಿದರೆ ಇಬ್ಬರದೂ ದನಿ ಏರುತ್ತದೆ, ಹಾಗಾಗಿ ಬರೆಯುತ್ತಿದ್ದೇನೆ. ಇದೇ ಯೋಚನೆಯಲ್ಲಿರುವ ಬೇರೆ ಬೆಳೆಗಾರರೂ ಓದಲಿ ಎಂದು ಎಲ್ಲರ ಮುಂದೆ ಇಡುತ್ತಿದ್ದೇನೆ.

ಪೂಲ್ ಹುಟ್ಟಿದ್ದು ನಮ್ಮನ್ನು ಉಳಿಸಲೆಂದೇ. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಕಾಫಿ ಕೇಳುವವರೇ ಇರಲಿಲ್ಲ. 1940ರಲ್ಲಿ ಸುಗ್ರೀವಾಜ್ಞೆ ಬಂತು, 1942ರಲ್ಲಿ ಕಾಫಿ ಕಾಯಿದೆ ಬಂತು. ಆ ಹೊತ್ತಿಗೆ ಅದು ಬೇಕಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಯುದ್ಧ 1945ರಲ್ಲಿ ಮುಗಿಯಿತು. ಪೂಲ್ ಪೂರ್ತಿ ಮುಗಿಯಲು 1996 ಬರಬೇಕಾಯಿತು. ಸಂಕಟದ ಕಾಲದಲ್ಲಿ ಸರ್ಕಾರದ ಕೈಗೆ ಕೊಟ್ಟ ಅಧಿಕಾರ ಸಂಕಟ ಕಳೆದ ಮೇಲೆ ತಾನಾಗಿ ಹಿಂತಿರುಗಿ ಬರಲಿಲ್ಲ. ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು, ನಮ್ಮ ಕಣದಲ್ಲಿ ಒಣಗಿದ ಕಾಫಿ ಮಾತ್ರ ನಮ್ಮದಾಗಲಿಲ್ಲ.

ಆ ಕಾಯಿದೆಯ 25ನೇ ಸೆಕ್ಷನ್ ಏನು ಹೇಳುತ್ತಿತ್ತು ಎಂಬುದನ್ನು ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ನೋಂದಾಯಿತ ತೋಟದ ಕಾಫಿಯಲ್ಲಿ ಸರ್ಕಾರದ ಕಾಫಿ ಮಂಡಳಿ ಗೊತ್ತುಮಾಡಿದ ಆಂತರಿಕ ಮಾರಾಟದ ಪಾಲನ್ನು, ಅಂದರೆ ಬೆಳೆಗಾರ ದೇಶದೊಳಗೆ ತಾನೇ ಮಾರಬಹುದಾದಷ್ಟನ್ನು, ಬಿಟ್ಟು ಉಳಿದುದೆಲ್ಲವನ್ನೂ ಪೂಲ್‌ಗೆ ಒಪ್ಪಿಸಬೇಕು. ದಶಕಗಟ್ಟಲೆ ಆ ಪಾಲೇ ಸಿಗಲಿಲ್ಲ. ಒಪ್ಪಿಸಿದ ಮೇಲೆ ಆ ಕಾಫಿಯ ಮೇಲೆ ಬೆಳೆಗಾರನಿಗೆ ಉಳಿಯುತ್ತಿದ್ದುದು ಹಣ ಪಡೆಯುವ ಹಕ್ಕು ಒಂದೇ. ಆ ಹಣವಾದರೂ ಒಟ್ಟಿಗೆ ಬರುತ್ತಿರಲಿಲ್ಲ. ಕಾಫಿಯ ಗುಣಮಟ್ಟಕ್ಕೆ ಕೊಟ್ಟ ಪಾಯಿಂಟಿನ ಲೆಕ್ಕದಲ್ಲಿ, ಕಂತು ಕಂತಾಗಿ ಬಂದು, ಮುಂದಿನ ಹೂಮಳೆ ಬಿದ್ದ ಮೇಲೂ ಬಾಕಿ ಉಳಿಯುತ್ತಿತ್ತು. ಹರಾಜು ಮಂಡಳಿಯದು, ರಫ್ತಿನ ತೀರ್ಮಾನ ಮಂಡಳಿಯದು. ಮಗಳ ಮದುವೆಗೆ ಹಣ ಬೇಕೆಂದು ಹತ್ತು ಮೂಟೆ ಮಾರುವಂತಿರಲಿಲ್ಲ, ಬೆಲೆ ಬರಲಿ ಎಂದು ಹತ್ತು ಮೂಟೆ ಉಳಿಸಿಕೊಳ್ಳುವಂತೆಯೂ ಇರಲಿಲ್ಲ.

1988ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕರ್ನಾಟಕದ ಮಾರಾಟ ತೆರಿಗೆಯ ವಿಚಾರವಾಗಿ ಒಂದು ಮೊಕದ್ದಮೆ ತೀರ್ಮಾನವಾಯಿತು. ಖರೀದಿ ತೆರಿಗೆ ಕಟ್ಟದಿರಲು ಕಾಫಿ ಮಂಡಳಿ ಮುಂದಿಟ್ಟ ವಾದ ಏನು ಗೊತ್ತೇ? ನಾವು ಬೆಳೆಗಾರರಿಂದ ಕಾಫಿಯನ್ನು ಕೊಳ್ಳುತ್ತಿಲ್ಲ, ಕಾನೂನಿನ ಬಲದಿಂದ ಕಡ್ಡಾಯವಾಗಿ ಸ್ವಾಧೀನ ಮಾಡಿಕೊಳ್ಳುತ್ತಿದ್ದೇವೆ ಎಂಬುದು. ನ್ಯಾಯಾಲಯ ಒಪ್ಪಲಿಲ್ಲ, ಕಾನೂನಿನ ಕಟ್ಟುಪಾಡಿದ್ದರೂ ಅದು ಮಾರಾಟವೇ ಎಂದಿತು. ತೆರಿಗೆಯ ಮಟ್ಟಿಗೆ ಆ ತೀರ್ಪು ಸರಿಯೋ ತಪ್ಪೋ, ಅದು ವಕೀಲರಿಗೆ ಬಿಟ್ಟದ್ದು. ನನ್ನ ಮನಸ್ಸಿಗೆ ನಾಟಿದ್ದು ಮಂಡಳಿಯ ವಾದ. ಬೆಳೆಗಾರನ ಒಪ್ಪಿಗೆಯ ಪ್ರಶ್ನೆಯೇ ಇಲ್ಲ ಎಂದು ಅದು ತಾನೇ ನ್ಯಾಯಾಲಯದ ಮುಂದೆ ನಿಂತು ಹೇಳಿತು. ನೀನು ಮರಳಿ ಕೇಳುತ್ತಿರುವುದು ಇದನ್ನೇ, ಮಂಜು.

ಸ್ವಾತಂತ್ರ್ಯವೆಂದರೆ ಭಾಷಣ ಮಾಡುವ, ಪತ್ರಿಕೆ ನಡೆಸುವ ಹಕ್ಕು ಎಂದಷ್ಟೇ ನಾವು ಅಂದುಕೊಂಡಿದ್ದೇವೆ. ಇನ್ನೊಬ್ಬನು ಹೇಳಿದ ಬೆಲೆಗೆ 'ಕೊಡುವುದಿಲ್ಲ' ಎನ್ನಲಾಗದವನು ಯಾವ ವಿಷಯದಲ್ಲಿ ತಲೆಯೆತ್ತಿ ಮಾತನಾಡಿಯಾನು? ವರ್ಷದ ಅನ್ನ ಯಾರ ಕೈಯಲ್ಲಿದೆಯೋ ಅವರ ವಿರುದ್ಧ ಮಾತನಾಡಲು ನಾಲಿಗೆ ಏಳುವುದಿಲ್ಲ.

ಪೂಲ್ ಸಡಿಲವಾದದ್ದೂ ಯಾರದೋ ಉದಾರತೆಯಿಂದಲ್ಲ. 1989ರಲ್ಲಿ ಯಾವ ದೇಶ ಎಷ್ಟು ರಫ್ತು ಮಾಡಬೇಕೆಂದು ಗೊತ್ತುಮಾಡುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾಗಳು ಕುಸಿದವು. 1991ರಲ್ಲಿ ನಮ್ಮ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಬೆಳೆಗಾರರೂ ಪಟ್ಟು ಬಿಡಲಿಲ್ಲ. ಮೊದಲು ಬೆಳೆಯ ಒಂದು ಪಾಲು, ಆಮೇಲೆ ಅರ್ಧ, ಹೀಗೆ ಹಂತಹಂತವಾಗಿ ಮಾರುವ ಹಕ್ಕು ಬಂತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಗಗನಕ್ಕೇರಿದಾಗ ತನ್ನ ಮೂಟೆಯನ್ನು ತಾನೇ ಮಾರಿದವನಿಗೆ ಆ ಹಕ್ಕಿನ ರುಚಿ ತಿಳಿಯಿತು.

ಇನ್ನು ನೀನು ಎತ್ತಿರುವ 2001-02ರ ಮಾತು. ವಿಯೆಟ್ನಾಂನ ರೊಬಸ್ಟಾ ಜಾತಿಯ ಕಾಫಿ ಜಗತ್ತಿನ ತುಂಬ ಹರಿದು ಬೆಲೆ ನೆಲಕಚ್ಚಿದ ಆ ವರ್ಷಗಳಲ್ಲಿ ತೋಟಗಳು ಬ್ಯಾಂಕಿನ ಪಾಲಾಗುವ ಸ್ಥಿತಿ ಬಂದಿತ್ತು. ಅದು ಸುಳ್ಳಲ್ಲ. ಆದರೆ ಪೂಲ್ ಇದ್ದಿದ್ದರೆ ವಿಯೆಟ್ನಾಂ ಬೆಳೆಯುವುದನ್ನು ನಿಲ್ಲಿಸುತ್ತಿತ್ತೇ? ಮಂಡಳಿಯೂ ಅದೇ ಜಗತ್ತಿನ ಮಾರುಕಟ್ಟೆಗೆ ಹೋಗಿ ಅದೇ ಬೆಲೆಗೆ ಮಾರಬೇಕಿತ್ತು. ನಮಗೆ ಬರುವ ಹಣ ಇನ್ನೂ ತಡವಾಗುತ್ತಿತ್ತು, ಅಷ್ಟೇ. ಬೆಲೆ ಕುಸಿದಾಗ ಸಾಲದ ಅವಧಿ ವಿಸ್ತರಿಸು, ಬಡ್ಡಿ ಇಳಿಸು ಎಂದು ಸರ್ಕಾರವನ್ನು ಕೇಳುವುದು ಬೇರೆ. ನನ್ನ ಮೂಟೆಯ ಬೀಗದ ಕೈ ನೀನೇ ಇಟ್ಟುಕೋ ಎನ್ನುವುದು ಬೇರೆ.

ಪೇಟೆಯ ವ್ಯಾಪಾರಿಗಳು ತೂಕದಲ್ಲಿ, ತೇವಾಂಶದಲ್ಲಿ, ಒಣಗಿದ ಹಣ್ಣಿನಿಂದ ಎಷ್ಟು ಬೀಜ ಸಿಗುತ್ತದೆಂಬ ಔಟ್‌ಟರ್ನ್ ಲೆಕ್ಕದಲ್ಲಿ ಮೋಸ ಮಾಡುತ್ತಾರೆ ಎಂದಿದ್ದೀಯ. ಮಾಡುತ್ತಾರೆ, ನನಗೂ ಆಗಿದೆ. ಆ ಅಂಗಡಿಗೆ ನಾನು ಮತ್ತೆ ಹೋಗಲಿಲ್ಲ. ಕೊಳ್ಳುವವನು ಒಬ್ಬನೇ ಆದರೆ ಎಲ್ಲಿಗೆ ಹೋಗುವುದು? ತಕ್ಕಡಿಯನ್ನು ಪರೀಕ್ಷಿಸಿ ಮೋಸ ಮಾಡಿದವನನ್ನು ಶಿಕ್ಷಿಸುವುದು ಸರ್ಕಾರದ ಕೆಲಸ. ಆ ತಕ್ಕಡಿಯ ಹಿಂದೆ ತಾನೇ ಕುಳಿತರೆ ಅದನ್ನು ಪರೀಕ್ಷಿಸುವವರು ಯಾರು?

ಸರ್ಕಾರವೇ ಬೇಡ ಎನ್ನುವವನು ನಾನಲ್ಲ. 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ತೆರೆಯದಿದ್ದರೆ ಎಲೆತುಕ್ಕು ರೋಗದ ನಡುವೆ ಅರೇಬಿಕಾ ಜಾತಿಯ ಕಾಫಿ ಉಳಿಯುವುದು ಕಷ್ಟವಿತ್ತು. ಎಸ್.795 ಎಂಬ ಅರೇಬಿಕಾ ತಳಿ ಕೊಟ್ಟಿದ್ದು ಆ ಕೇಂದ್ರವೇ. ಯಾವ ಬೆಳೆಗಾರನೂ ಒಬ್ಬನೇ ಮಾಡಲಾಗದ ಕೆಲಸ ಅದು. ಅಲ್ಲಿನ ವಿಜ್ಞಾನಿ ಗಿಡ ಕೊಡುತ್ತಾನೆ, ಸಲಹೆ ಕೊಡುತ್ತಾನೆ. ನೆಡುವುದು ಬಿಡುವುದು ನನ್ನಿಷ್ಟ. ನನಗೆ ಬೇಕಾದ ಸರ್ಕಾರ ಅಂಥದ್ದು.

ಇನ್ನೊಂದು ಮಾತು ನಿನಗೂ ನನಗೂ ಇಬ್ಬರಿಗೂ ಸೇರಿದ್ದು. ನಮ್ಮ ಕಾಫಿಗೆ ಸ್ವಾತಂತ್ರ್ಯ ಕೇಳುವ ನಾವು ನಮ್ಮ ಕೂಲಿಯಾಳುಗಳು ಇರುವ ಲೈನ್ ಮನೆಗಳ ಕಡೆಗೂ ನೋಡಬೇಕು. ಮುಂಗಡ ಕೊಟ್ಟ ಹಣ ತೀರುವವರೆಗೆ ತೋಟ ಬಿಟ್ಟು ಹೋಗಬೇಡ ಎಂದು ಒಬ್ಬ ಸಾಹುಕಾರ ಕೂಲಿಯಾಳನ್ನು ಹಿಡಿದಿಟ್ಟರೆ, ಅವನು ಆ ಆಳಿನ ಪಾಲಿಗೆ ಪೂಲ್‌ಗಿಂತ ಕ್ರೂರಿ. ತೋಟ ಕಾರ್ಮಿಕರಿಗಾಗಿ 1951ರಲ್ಲಿ, ಜೀತ ವಿಮುಕ್ತಿಗಾಗಿ 1976ರಲ್ಲಿ ಕಾಯಿದೆಗಳು ಬಂದದ್ದು ಇದಕ್ಕಾಗಿಯೇ. ಅಲ್ಲಿ ಸರ್ಕಾರ ನಮ್ಮ ಗೇಟು ದಾಟಿ ಒಳಗೆ ಬರಲೇಬೇಕು. ಬಂದಾಗ ನಾವು ಗೊಣಗಬಾರದು.

ಮನವಿಪತ್ರವನ್ನು ಹರಿದು ಹಾಕು ಎನ್ನುತ್ತಿಲ್ಲ, ಬದಲಿಸು. ಕಾಫಿ ಗಿಡ ಕೊರೆಯುವ ಕಾಂಡಕೊರಕ ಹುಳದ ಸಂಶೋಧನೆಗೆ ಹಣ, ಸಂತೆಪೇಟೆಯ ತೂಕ ಮತ್ತು ತೇವಾಂಶ ಯಂತ್ರಗಳ ತಪಾಸಣೆ, ಆನೆ ಹಾವಳಿಗೆ ತಡವಿಲ್ಲದ ಪರಿಹಾರ, ಸಾಲದ ಕಂತಿಗೆ ಬೆಲೆ ಕುಸಿದ ವರ್ಷದಲ್ಲಿ ವಿರಾಮ, ಇವನ್ನು ಕೇಳೋಣ. ಸರ್ಕಾರ ಕಾಫಿ ಕೊಳ್ಳುವುದೇ ಆದರೆ, ಇಷ್ಟವಿದ್ದವನು ಕೊಡಲಿ, ಇಲ್ಲದವನು ಕೊಡದಿರಲಿ, ಯೋಜನೆ ಯಾವ ದಿನಾಂಕಕ್ಕೆ ಮುಗಿಯುತ್ತದೆ ಎಂಬುದೂ ಅದರಲ್ಲೇ ಇರಲಿ ಎಂದು ಬರೆ. ಹಾಗೆ ತಿದ್ದಿ ಕಳುಹಿಸಿದರೆ ಸಹಿ ಹಾಕುತ್ತೇನೆ, ನಮ್ಮ ಊರಿನ ಬೆಳೆಗಾರರ ಮನೆಮನೆಗೂ ನಾನೇ ತೆಗೆದುಕೊಂಡು ಹೋಗುತ್ತೇನೆ. ಅತ್ತಿಗೆಗೂ ಮಕ್ಕಳಿಗೂ ನನ್ನ ನೆನಪು ತಿಳಿಸು.

ಇಂತಿ ನಿನ್ನ ಗೆಳೆಯ