ಬೈಸಾಖಿಗೆ ಮೊದಲು ಮಗಳಿಗೊಂದು ಪತ್ರ

ಪುಟ್ಟೀ,

ಬೈಸಾಖಿಗೆ ಊರಿಗೆ ಬಂದು ನಾನಕ್ ಝೀರಾ ಗುರುದ್ವಾರದಲ್ಲಿ ಅಮೃತ ತಗೊಂಡು ಖಾಲ್ಸಾ ದೀಕ್ಷೆ ಪಡೀತೀನಿ, ಆಮೇಲೆ ದಸ್ತಾರ್, ಅಂದರೆ ಪಗಡಿ, ಕಟ್ಟಿಕೊಂಡೇ ಆಫೀಸಿಗೆ ಹೋಗ್ತೀನಿ ಅಂದೆಯಲ್ಲ, ನಿಮ್ಮಪ್ಪ ಅತ್ತುಬಿಟ್ಟರು. ತಮ್ಮ ಅಮ್ಮ, ಬೀಜಿ, ಇರಬೇಕಿತ್ತು ಅಂದರು. ನಾನು ಏನೂ ಹೇಳದೆ ಫೋನನ್ನು ಅವರ ಕೈಗೆ ಕೊಟ್ಟೆ. ಅಮ್ಮನಿಗೆ ಇಷ್ಟವಿಲ್ಲ ಅಂದುಕೊಂಡು ನೊಂದಿದ್ದರೆ ಕ್ಷಮಿಸು. ಇಷ್ಟವಿಲ್ಲ ಅಂತಲ್ಲ, ನನಗೆ ಭಯವಾಯಿತು.

1988ರ ಸೆಪ್ಟೆಂಬರ್. ಬೀದರಿಗೆ ಓದೋಕೆ ಬಂದಿದ್ದ ಸಿಖ್ ಹುಡುಗರನ್ನು ಹುಡುಕಿ ಹುಡುಕಿ ಹೊಡೆದರು, ಕೆಲವರನ್ನು ಕೊಂದೇ ಹಾಕಿದರು. ನಾನಾಗ ಶಾಲೆ ಹುಡುಗಿ. ನಮ್ಮ ಹಿತ್ತಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗನನ್ನು ನಿನ್ನ ಅಜ್ಜ ಒಳಗೆ ಕರೆದು ಜೋಳದ ಚೀಲಗಳ ಹಿಂದೆ ಕೂರಿಸಿದರು. ಗಲಾಟೆ ಹತ್ತಿರವಾದಾಗ ನನ್ನ ಕೈಲಿ ಕತ್ತರಿ ತರಿಸಿದರು. "ಕೂದಲಾ ಮತ್ತ ಬೆಳಿತಾವ. ಜೀವ ಹೋದ್ರ ಬರ್ತದೇನೋ?" ಅಂದರು. ಆ ಹುಡುಗ ಅಜ್ಜನ ಕಾಲು ಮುಟ್ಟಿ ಬೇಡ ಅಂತ ತಲೆ ಅಲ್ಲಾಡಿಸಿದ. ಮಾತಿಲ್ಲ. ಕೈ ನಡುಗುತ್ತಿತ್ತು. ಆ ನಡುಗುವ ಕೈಯಿಂದಲೇ ಕಂಗಾ ತೆಗೆದು ಕೂದಲು ಬಾಚಿದ, ಜೂಡಾ ಕಟ್ಟಿದ, ಪಗಡಿ ಸುತ್ತಿಕೊಂಡು ಕೂತ. ನಾನು ಕತ್ತರಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಗಲಾಟೆ ನಮ್ಮ ಬೀದಿ ದಾಟಿ ಹೋಯಿತು. ಊರು ತಣ್ಣಗಾದ ಮೇಲೆ ಅವನ ಮನೆಯವರು ಬಂದು ಕರೆದುಕೊಂಡು ಹೋದರು.

ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ. ಆ ಗುಂಪು ನಮ್ಮ ಬಾಗಿಲು ತಟ್ಟಿದ್ದರೆ? ಅವನ ಅಮ್ಮ ಎಲ್ಲೋ ಪಂಜಾಬಿನಲ್ಲಿ ಕೂತು ಏನಂದುಕೊಳ್ಳುತ್ತಿದ್ದಳು? ಮಗ ಕೂದಲು ತೆಗೆಸಿಯಾದರೂ ಉಳಿಯಲಿ ಅಂತಲೋ, ತೆಗೆಸದೆ ಇರಲಿ ಅಂತಲೋ? ನಿಮ್ಮಪ್ಪನನ್ನು ಮದುವೆಯಾದಾಗಲೂ ಇದೇ ಪ್ರಶ್ನೆ ಕಾಡಿತ್ತು. ನೀನು ಹುಟ್ಟಿದಾಗಲೂ. ಈಗ ನಾನೇ ಆ ಅಮ್ಮ.

ಹುಡುಗಿಯರಿಗೆ ಏನೂ ಆಗಲ್ಲ ಅಂತ ನೀನು ಹೇಳಬಹುದು. 2022ರ ಫೆಬ್ರವರಿಯಲ್ಲಿ ನೀನಿರುವ ಬೆಂಗಳೂರಿನಲ್ಲೇ ಅಮೃತಧಾರಿ ಹುಡುಗಿಯೊಬ್ಬಳಿಗೆ ದಸ್ತಾರ್ ತೆಗೆದು ಕಾಲೇಜಿಗೆ ಬಾ ಅಂದರು. 17 ವರ್ಷದ ಹುಡುಗಿ. ತೆಗೆಯಲ್ಲ ಅಂದಳು. ಪೇಪರಿನಲ್ಲಿ ಅದನ್ನು ಓದಿದಾಗ ನನಗೆ ಮತ್ತೆ ಆ ಕತ್ತರಿಯೇ ನೆನಪಾಯಿತು.

ಮದುವೆಯಾಗಿ ಬಂದ ಮೇಲೆ ಬೀಜಿ ನನಗೆ ಭಾಯಿ ಸಾಹಿಬ್ ಸಿಂಗ್ ಕಥೆ ಹೇಳಿದರು. 1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗ್ ಕತ್ತಿ ಹಿರಿದು ತಲೆ ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು ನಮ್ಮ ಬೀದರ್‌ನವರು. ಕ್ಷೌರಿಕರ ಮನೆಯವರು ಅಂತ ಹೇಳುತ್ತಾರೆ. ಕತ್ತರಿ ಹಿಡಿಯುವ ಮನೆಯಿಂದ ಹೋದವರು ಕೇಶಧಾರಿಯಾದರು! ಆ ಹುಡುಗ ಯಾಕೆ ತಲೆ ಅಲ್ಲಾಡಿಸಿದ ಅನ್ನೋದು ನನಗೆ ಅವತ್ತು ಸ್ವಲ್ಪ ತಿಳಿಯಿತು. ಜೀವ ಅಗ್ಗ ಅಂತ ಅಲ್ಲ. ಯಾರಿಗೆ ಕೊಟ್ಟಾಗಿದೆಯೋ ಅವರದ್ದು ಅಂತ.

ಆದರೆ ಪುಟ್ಟೀ, ತಲೆ ಕೊಡೋದು ಒಂದು ದಿನದ ಮಾತು. ನಿನಗೆ ಕಷ್ಟವಾಗೋದು ದಿನಾ ಬೆಳಗಿನ ಜಾವ. ರಾತ್ರಿ ಎರಡರವರೆಗೆ ಲ್ಯಾಪ್‌ಟಾಪ್ ಹಿಡಿದು ಕೂತರೆ ಅಮೃತವೇಳೆಗೆ ಏಳೋಕಾಗಲ್ಲ. ಜಪ್‌ಜಿ, ಜಾಪ್, ಸವೈಯೇ ಪ್ರಾರ್ಥನೆಗಳನ್ನು ಬಿಡಬಾರದು. ಸಂಜೆ ರೆಹರಾಸ್, ಮಲಗುವಾಗ ಸೋಹಿಲಾ. ದುಡಿದಿದ್ದರಲ್ಲಿ ಹತ್ತನೇ ಒಂದು ಪಾಲು ನಿನ್ನದಲ್ಲ, ಸಂಬಳ ಬಂದ ದಿನವೇ ತೆಗೆದಿಡು. ಗುರುದ್ವಾರದ ಲಂಗರ್ ಊಟಕ್ಕೆ ಹೋದರೆ ಬರೀ ಊಟ ಮಾಡಿ ಬರಬೇಡ, ಪಾತ್ರೆಯನ್ನೂ ತೊಳೆದು ಬಾ. ಬೀಜಿ ಮಂಡಿ ನೋವಿದ್ದರೂ ಕೂತು ಈರುಳ್ಳಿ ಹೆಚ್ಚುತ್ತಿದ್ದರು. ಕಿರ್ಪಾನ್, ಅಂದರೆ ಕಿರುಗತ್ತಿ, ಧರಿಸುವುದು ಸಂವಿಧಾನದ 25ನೇ ವಿಧಿ ಕೊಟ್ಟ ಹಕ್ಕು, ಯಾರಾದರೂ ಕೇಳಿದರೆ ಮೆತ್ತಗೆ ಹೇಳು. ದೇಶದೊಳಗಿನ ವಿಮಾನಕ್ಕೆ ಅಲಗು 6 ಇಂಚು, ಒಟ್ಟು 9 ಇಂಚು ಮೀರಬಾರದು. ರಾತ್ರಿ ಕ್ಯಾಬ್‌ನಲ್ಲಿ ಒಬ್ಬಳೇ ಬರಬೇಡ. ಇದು ಧರ್ಮದ ಮಾತಲ್ಲ, ಆದರೂ ಬರೆಯುತ್ತೇನೆ.

ಅಮೃತ ತಗೊಂಡವರು ಮಿಕ್ಕವರಿಗಿಂತ ಮೇಲು ಅಂತ ಮಾತ್ರ ಒಂದು ದಿನವೂ ಅನ್ನಿಸಬಾರದು. ನಿಮ್ಮಪ್ಪ ತಗೊಂಡಿಲ್ಲ, ನಾನೂ ತಗೊಂಡಿಲ್ಲ. ಆ ಮೊದಲ ಐವರ ಹಾಗೆ ನಿಲ್ಲುವ ಐದು ಜನ ಪ್ಯಾರೇ ಕಬ್ಬಿಣದ ಬಟ್ಟಲಲ್ಲಿ ಬತಾಸೆ ನೀರು ಹಾಕಿ ಖಂಡಾ ಕತ್ತಿ ತಿರುಗಿಸಿ ಎಲ್ಲರಿಗೂ ಅದನ್ನೇ ಕುಡಿಸುವುದು ಮೇಲು ಕೀಳು ಹೋಗಲಿ ಅಂತಲೇ ಅಲ್ವಾ?

ನನಗೆ ಹೆಮ್ಮೆ ಇಲ್ಲ ಅಂದುಕೊಳ್ಳಬೇಡ. ಮುಕ್ತಸರದಲ್ಲಿ ಯುದ್ಧ ಮಾಡಿದ ಮಾಯಿ ಭಾಗೋ ಕೊನೆಗಾಲ ಕಳೆದದ್ದು ಇಲ್ಲೇ ಜನವಾಡದಲ್ಲಿ. ಮುಂದಿನ ವಾರ ಅಲ್ಲಿಗೆ ಹೋಗಿ ನಿನ್ನ ಹೆಸರಲ್ಲಿ ಅರ್ದಾಸ್ ಪ್ರಾರ್ಥನೆ ಮಾಡಿಸುತ್ತೇನೆ. ಭಯ ಹೋಗುತ್ತೆ ಅಂತಲ್ಲ. ಭಯ ಇಟ್ಟುಕೊಂಡೇ ಹೋಗುತ್ತೇನೆ.

ರೈಲಿನ ಟಿಕೆಟ್ ಬೇಗ ಮಾಡಿಸು, ಬೈಸಾಖಿಗೆ ಜನ ಜಾಸ್ತಿ. ಮೊದಲ ದಸ್ತಾರ್ ಬಟ್ಟೆ ನಾನೇ ತರುತ್ತೇನೆ. ಎಷ್ಟು ಮೀಟರ್ ಬೇಕು, ಯಾವ ಬಣ್ಣ ಅಂತ ನಿಮ್ಮಪ್ಪನಿಗೆ ಹೇಳಬೇಡ, ನನಗೆ ಫೋನ್ ಮಾಡಿ ಹೇಳು.

ನಿನ್ನ ಅಮ್ಮ