ಕಪ್ಪು ಡಿಸ್ಕ್ ನೋಡಿ ಹೆದರಬೇಡ

ಚಿ. ಕಿರಣನಿಗೆ ಚಿಕ್ಕಪ್ಪನ ಆಶೀರ್ವಾದ.

ನೀನು ಕಳಿಸಿದ ಬೆನ್ನಿನ ಎಂಆರ್‌ಐ ರಿಪೋರ್ಟ್ ಓದಿದೆ. 'ಎಲ್4-ಎಲ್5 ಡಿಸ್ಕ್ ಡೆಸಿಕೇಶನ್, ಫಿರ್ಮನ್ ಗ್ರೇಡ್ 3' ಎಂದಿದೆ. ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನ ಮೆತ್ತೆ, ಅದೇ ಡಿಸ್ಕ್, ಒಣಗಿದೆ ಅಂತ. ಇಷ್ಟಕ್ಕೇ ಬೆನ್ನೆಲುಬು ಸವೆದೇ ಹೋಯಿತು ಅಂತ ಊಟ-ನಿದ್ದೆ ಬಿಟ್ಟು ಕೂತಿದ್ದೀಯಂತೆ, ನಿನ್ನ ಅಮ್ಮ ಹೇಳಿದರು.

ಎಳೆ ವಯಸ್ಸಿನ ಡಿಸ್ಕಿನ ನಡುವೆ ಲೋಳೆಯಂಥ ಭಾಗ ಇರುತ್ತದೆ, ಅದರಲ್ಲಿ ಶೇ. 80ರಷ್ಟು ನೀರೇ. ಆ ನೀರನ್ನು ಹಿಡಿದಿಡುವುದು ಪ್ರೋಟಿಯೋಗ್ಲೈಕಾನ್ ಎಂಬ ದೊಡ್ಡ ಅಣು. ಟಿ2 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ನೀರಿದ್ದ ಕಡೆ ಬೆಳ್ಳಗೆ, ಒಣಗಿದ ಕಡೆ ಕಪ್ಪಗೆ ಕಾಣುತ್ತದೆ. ಅದನ್ನು ಕಣ್ಣಲ್ಲಿ ನೋಡಿಯೇ 1ರಿಂದ 5ರವರೆಗೆ ಫಿರ್ಮನ್ ಗ್ರೇಡ್ ಕೊಡುವುದು. ನಿನ್ನದು ನಡುವಿನದು.

ಇದಕ್ಕಿಂತ ಮೊದಲೇ ಗೊತ್ತಾಗುತ್ತಿರಲಿಲ್ವಾ ಅಂತ ಕೇಳಿದ್ದೀಯ. ಗೊತ್ತಾಗುವ ದಾರಿಗಳಿವೆ. ಡಿಸ್ಕ್ ಹೀಗೆ ಕಪ್ಪಾಗುವ ಮೊದಲೇ ಪ್ರೋಟಿಯೋಗ್ಲೈಕಾನ್ ಕಡಿಮೆಯಾಗಲು ಶುರುವಾಗುತ್ತದೆ, ಟಿ1ರೋ ಎಂಬ ಎಂಆರ್‌ಐ ವಿಧಾನ ಆ ಬದಲಾವಣೆಯನ್ನು ಮಿಲಿಸೆಕೆಂಡಿನ ಲೆಕ್ಕದಲ್ಲಿ ಅಳೆದು ತೋರಿಸುತ್ತದೆ, ಅಂದಾಜಿನ ಮಾತಲ್ಲ. ಸೋಡಿಯಂ ಎಂಆರ್‌ಐ ಇನ್ನೂ ಚೆಂದ. ಪ್ರೋಟಿಯೋಗ್ಲೈಕಾನಿನ ನೆಗೆಟಿವ್ ಚಾರ್ಜ್ ಸೋಡಿಯಂ ಅನ್ನು ಹತ್ತಿರ ಸೆಳೆದುಕೊಳ್ಳುತ್ತದೆ, ಅದು ಕಡಿಮೆಯಾದಂತೆ ಸೋಡಿಯಂ ಸಿಗ್ನಲ್ಲೂ ಇಳಿಯುತ್ತದೆ. ಆದರೆ ಆ ಸಿಗ್ನಲ್ ತುಂಬಾ ಸಣ್ಣದು, ಅದನ್ನು ಹಿಡಿಯಲು ಬೇರೆಯೇ ಕಾಯಿಲ್ (ಸಿಗ್ನಲ್ ಹಿಡಿಯುವ ಸುರುಳಿ) ಬೇಕು, ಹಾಗಾಗಿ ಹೆಚ್ಚಾಗಿ ಸಂಶೋಧನೆಯಲ್ಲೇ ಬಳಕೆ. ಡಿಸ್ಕಿನ ನೀರು ಬೆಳಿಗ್ಗೆ ಜಾಸ್ತಿ, ಸಂಜೆಗೆ ಕಡಿಮೆ. ಆದ್ದರಿಂದ ಎರಡು ಅಳತೆ ಹೋಲಿಸಬೇಕಾದರೆ ಒಂದೇ ಹೊತ್ತಿನಲ್ಲಿ ತೆಗೆದಿರಬೇಕು.

ಈ ಅಳತೆಗಳ ಸಂಶೋಧನೆ ನಡೆಯಲೇಬೇಕು. ಡಿಸ್ಕನ್ನು ಮತ್ತೆ ಚೇತರಿಸುವ ಔಷಧಿ ಮುಂದೆ ಬಂದರೆ, ಅದು ಕೆಲಸ ಮಾಡುತ್ತಿದೆಯಾ ಎಂದು ತಿಳಿಯಲು ಇಂಥ ಅಳತೆಯೇ ಬೇಕಾಗುತ್ತದೆ. ಸದ್ಯಕ್ಕೆ ಅಂಥ ಮಾತ್ರೆ ಇಲ್ಲ. ಅದಕ್ಕೇ ಹೇಳುತ್ತೇನೆ, ಸುಮ್ನೆ ದುಡ್ಡು ಕೊಟ್ಟು ಇನ್ನೊಂದು ಸ್ಕ್ಯಾನ್ ಮಾಡಿಸಬೇಡ.

2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದ್ದರು. ಬೆನ್ನುನೋವೇ ಇಲ್ಲದ 20ರ ವಯಸ್ಸಿನವರಲ್ಲೂ ಶೇ. 37 ಜನರ ಡಿಸ್ಕ್ ಸವೆದಿತ್ತು, 80ರವರಲ್ಲಿ ಶೇ. 96. ಅಂದಮೇಲೆ ನಿನ್ನ ನೋವಿಗೆ ಈ ಕಪ್ಪು ಡಿಸ್ಕೇ ಕಾರಣ ಅಂತ ಫಿಲಂ ಒಂದನ್ನೇ ನೋಡಿ ಯಾರೂ ಹೇಳಲಾರರು. ಡಾಕ್ಟರು ನಿನ್ನನ್ನು ಬಗ್ಗಿಸಿ, ಕಾಲೆತ್ತಿಸಿ ನೋಡಲಿ.

ಓಡಾಡು, ಹಾಸಿಗೆ ಹಿಡಿಯಬೇಡ. ಲ್ಯಾಪ್‌ಟಾಪ್ ಮುಂದೆ ಗಂಟೆಗಟ್ಟಲೆ ಅಲ್ಲಾಡದೆ ಕೂರುವುದನ್ನು ಬಿಡು. ಸಿಗರೇಟನ್ನೂ ಬಿಡು, ಡಿಸ್ಕಿಗೆ ನೇರವಾಗಿ ರಕ್ತನಾಳವಿಲ್ಲ, ಪಕ್ಕದ ಮೂಳೆಯಿಂದ ಬರುವ ಅಷ್ಟಿಷ್ಟು ಪೋಷಣೆಗೂ ಹೊಗೆ ಕಲ್ಲು ಹಾಕುತ್ತದೆ. ಆದರೆ ಪಾದ ಎತ್ತಲು ಆಗದಿದ್ದರೆ, ತೊಡೆಸಂದಿ ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ನನಗೆ ಫೋನ್ ಮಾಡುತ್ತಾ ಕೂರಬೇಡ, ಅದು ರಾತ್ರಿಯಾದರೂ ಸರಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡು.

ನಿನ್ನ ಚಿಕ್ಕಪ್ಪ