ರಾಮೋಜಿಯ ಆ ಗೈಡ್ ಅಣ್ಣನಿಗೆ

ಬೇಸಿಗೆ ರಜೆಗೆ ಹುಬ್ಬಳ್ಳಿಯಿಂದ ಮನೆಮಂದಿಯೆಲ್ಲ ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೆ ಹೋಗಿದ್ದೆವು. ಬಾಹುಬಲಿಯ ಮಾಹಿಷ್ಮತಿ ಸೆಟ್ ನೋಡಬೇಕು ಅಂತ ಮಕ್ಕಳಿಗಿಂತ ಜಾಸ್ತಿ ಆಸೆ ಇದ್ದದ್ದು ಅವ್ವನಿಗೆ. 2015ರಲ್ಲಿ ಬಂದ ಮೊದಲ ಭಾಗವನ್ನು ಟಿವಿಯಲ್ಲಿ ಎಷ್ಟು ಸಲ ನೋಡಿದ್ದಾಳೋ!

ಸೆಟ್ ಮುಂದೆ ಬಸ್ ಇಳಿಯುತ್ತಿದ್ದ ಹಾಗೇ ಅವಳ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಮಟಮಟ ಮಧ್ಯಾಹ್ನ, ನೆಲ ಕಾದು ಕೆಂಡ. "ನೀವು ನೋಡ್ಕೊಂಡು ಬರ್ರಿ, ನಾ ಇಲ್ಲೇ ಕುಂದರ್ತೀನಿ" ಅಂದಳು. ಅಷ್ಟು ದೂರ ಹೋಗಿ ಹೀಗಾದರೆ ಹೊಟ್ಟೆ ಉರಿಯುತ್ತದೆ ಅಲ್ವಾ?

ಅಲ್ಲಿಯವರೆಗೆ ತೆಲುಗು, ಹಿಂದಿಯಲ್ಲೇ ಮಾತಾಡುತ್ತಿದ್ದ ನಮ್ಮ ಗೈಡ್ ಹತ್ತಿರ ಬಂದು, "ಯವ್ವಾ, ಚಪ್ಪಲಿ ಇಲ್ಲಿ ಕೊಡ್ರಿ" ಅಂದರು. ರಾಯಚೂರು ಕಡೆಯವರಂತೆ. ಕೊರಳಲ್ಲಿದ್ದ ಐಡಿ ಕಾರ್ಡಿನ ಪಟ್ಟಿಗೆ ಸಿಕ್ಕಿಸಿದ್ದ ಪಿನ್ನು ತೆಗೆದರು, ಉಂಗುಟವನ್ನು ತೂತಿನೊಳಗೆ ತೂರಿಸಿ ಅಡಿಯಿಂದ ಅಡ್ಡ ಹಾಕಿದರು, ಕಾಲಿಗೆ ಚುಚ್ಚುತ್ತದೋ ಏನೋ ಅಂತ ಬೆರಳಲ್ಲಿ ಒತ್ತಿ ಒತ್ತಿ ನೋಡಿ, ಆಮೇಲೆ ತಾವೇ ಬಗ್ಗಿ ಅವ್ವನ ಕಾಲ ಹತ್ತಿರ ಇಟ್ಟರು. ಉಳಿದವರು ತಡವಾಯಿತು ಅಂತ ಗೊಣಗುತ್ತಿದ್ದರು. ಇವರು ಆ ಕಡೆ ತಿರುಗಲೂ ಇಲ್ಲ.

ಒಳಗೆ ಅವ್ವನ ಹೆಜ್ಜೆಗೆ ಸರಿಯಾಗಿ ನಡೆದರು. ಗೋಡೆ ತಟ್ಟಿ ತೋರಿಸಿದರು, ಕಲ್ಲಲ್ಲ, ಒಳಗೆಲ್ಲ ಟೊಳ್ಳು! ಅವ್ವ ತಾನೂ ತಟ್ಟಿ ನಕ್ಕಳು. ನನಗೆ ಆಗಲೇ ಜೀವ ತಣ್ಣಗಾಗಿದ್ದು.

ಹೊರಡುವಾಗ ದುಡ್ಡು ಕೊಡಲು ಹೋದರೆ "ಒಂದು ಪಿನ್ನಿಗೇನ್ ರೊಕ್ಕಾರೀ" ಅಂದು ಮುಂದಿನ ಬಸ್ಸಿನ ಕಡೆ ಹೋಗೇಬಿಟ್ಟರು. ಗದ್ದಲದಲ್ಲಿ ಹೆಸರು ಕೇಳಲಾಗಲಿಲ್ಲ. ಅಣ್ಣಾ, ಇದು ನಿಮ್ಮ ಕಣ್ಣಿಗೆ ಬಿದ್ದರೆ ತುಂಬಾ ಥ್ಯಾಂಕ್ಸ್ ರೀ. ಹುಬ್ಬಳ್ಳಿಗೆ ಬಂದರೆ ಮನೆಗೆ ಬನ್ನಿ, ಅವ್ವ ಗಿರ್ಮಿಟ್ ಮಾಡಿ ಕೊಡ್ತಾಳಂತೆ.